ಹಿತ್ತಾಳೆ ತೋಟಾಕ್ಕೆ ಉಕ್ಕಿನ ಬುಡ ಏಕೆ ಬಂತು?

ಲೋಹಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುವಾಗ, ಅಮೆರಿಕದ ಸೇನೆಯ ಹೊಸ ರೈಫಲಿನ ತೋಟಾವನ್ನು ಹಿತ್ತಾಳೆ ಮತ್ತು ಉಕ್ಕು ಎರಡನ್ನೂ ಜೋಡಿಸಿ ಮಾಡುತ್ತಾರೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಓದುಗರು ಮುಂದೆ ಹೋಗಲು ಬಿಡಲಿಲ್ಲ. ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇನೆ. ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ: ಹೆಚ್ಚಿನ ಪತ್ರಗಳಲ್ಲಿ ಇಡೀ ತೋಟಾವನ್ನೇ ‘ಗುಂಡು’ ಎಂದು ಕರೆದಿದ್ದಾರೆ. ನಳಿಗೆಯಿಂದ ಹಾರಿಹೋಗುವುದು ಮಾತ್ರ ಗುಂಡು. ಅದನ್ನು, ಮದ್ದನ್ನು ಮತ್ತು ಕಿಡಿ ಹೊತ್ತಿಸುವ ಕೇಪನ್ನು ಹಿಡಿದಿಟ್ಟುಕೊಳ್ಳುವ ಲೋಹದ ಕೋಶವನ್ನು ನಾನು ‘ಚಿಪ್ಪು’ ಎನ್ನುತ್ತೇನೆ. ಈ ಸಲದ ಚರ್ಚೆಯೆಲ್ಲ ಆ ಚಿಪ್ಪಿನದೇ.

ಪ್ರಶ್ನೆ: ಹೊಸ ತೋಟಾದಲ್ಲಿ 80,000 ಪಿಎಸ್‌ಐ (ಚದರ ಅಂಗುಲಕ್ಕೆ ಅಷ್ಟು ಪೌಂಡ್) ಒತ್ತಡ ಉಂಟಾಗುತ್ತದೆ ಎಂದು ಓದಿದೆ. ನೂರೈವತ್ತು ವರ್ಷ ಬಾಳಿದ ಹಿತ್ತಾಳೆ ಚಿಪ್ಪಿಗೆ ಅಷ್ಟನ್ನು ತಡೆಯುವ ಶಕ್ತಿ ಇಲ್ಲವೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಹಿತ್ತಾಳೆ ಆ ಒತ್ತಡವನ್ನು ಎಂದೂ ತಡೆದಿದ್ದಿಲ್ಲ, ತಡೆಯಬೇಕೆಂಬ ನಿರೀಕ್ಷೆಯೂ ಇರಲಿಲ್ಲ. ಮದ್ದು ಉರಿದಾಗ ಹುಟ್ಟುವ ಅನಿಲದ ಒತ್ತಡವನ್ನು ಹೊರುವುದು ರೈಫಲಿನ ಉಕ್ಕು. ಚಿಪ್ಪಿನ ಕೆಲಸ ಪ್ರೆಷರ್ ಕುಕ್ಕರಿನ ರಬ್ಬರ್ ಉಂಗುರದ ಕೆಲಸ. ಒತ್ತಡ ಏರುತ್ತಿದ್ದಂತೆ ಚಿಪ್ಪಿನ ತೆಳು ಗೋಡೆ ಉಬ್ಬಿ ಚೇಂಬರಿನ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿನ, ಗೋಡೆಗೆ ಅಂಟಿಕೊಂಡು, ಬಿಸಿ ಅನಿಲ ಹಿಂದಕ್ಕೆ, ಅಂದರೆ ಹೊಡೆಯುವವನ ಮುಖದ ಕಡೆಗೆ, ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದ ಮೇಲೆ ತುಸು ಕುಗ್ಗಿ ಗೋಡೆಯಿಂದ ಬಿಡಿಸಿಕೊಂಡು ಹೊರಬರುತ್ತದೆ.

ತೊಡಕು ಇರುವುದು ಬುಡದಲ್ಲಿ. ಉದ್ದಕ್ಕೆ ಸೀಳಿದ ಒಂದು 7.62 ಮಿ.ಮೀ. ಖಾಲಿ ಚಿಪ್ಪು ಬಹಳ ಕಾಲ ನನ್ನ ಮೇಜಿನ ಮೇಲೆ ಕಾಗದದ ಮೇಲಿನ ಭಾರವಾಗಿ ಕೂತಿತ್ತು. ಅದರ ಕತ್ತಿನಲ್ಲಿ ಗೋಡೆಯ ದಪ್ಪ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಕೆಳಗಿಳಿದಂತೆ ಗೋಡೆ ನಿಧಾನವಾಗಿ ದಪ್ಪಗಾಗುತ್ತ ಬಂದು, ಬುಡದಲ್ಲಿ ಕೆಲವು ಮಿಲಿಮೀಟರಿನ ಗಟ್ಟಿ ಹಿತ್ತಾಳೆಯ ತಳವಾಗುತ್ತದೆ. ಆ ತಳದ ನಡುವೆ ಕೇಪು ಕೂರುವ ಗುಳಿ, ಹೊರಗಡೆ ಚಿಪ್ಪನ್ನು ಎಳೆದು ತೆಗೆಯುವ ಕೊಕ್ಕೆಗೆಂದು ಕೊರೆದ ಕಚ್ಚು. ಕೊಕ್ಕೆ ಈ ಕಚ್ಚನ್ನು ಹಿಡಿಯಬೇಕಾದ್ದರಿಂದ ಬುಡದ ಮೂರು ನಾಲ್ಕು ಮಿಲಿಮೀಟರು ಭಾಗ ಚೇಂಬರಿನಿಂದ ಹೊರಗೇ ಉಳಿಯುತ್ತದೆ. ಇಡೀ ಚಿಪ್ಪಿನಲ್ಲಿ ಸುತ್ತಲಿನ ಉಕ್ಕಿನ ಆಸರೆ ಇಲ್ಲದೆ ತನ್ನ ಬಲದಿಂದಲೇ ನಿಲ್ಲಬೇಕಾದ ಜಾಗ ಅದೊಂದೇ.

ಇನ್ನು ಲೆಕ್ಕ. ಸೇನೆಯ 7.62×51 (ಗುಂಡಿನ ವ್ಯಾಸ 7.62, ಚಿಪ್ಪಿನ ಉದ್ದ 51 ಮಿ.ಮೀ.) ತೋಟಾದ ನಾಗರಿಕ ರೂಪವಾದ .308 ವಿಂಚೆಸ್ಟರಿಗೆ ಅಮೆರಿಕದ ತಯಾರಕರ ಮಾನಕ ಸಂಸ್ಥೆ ಸಾಮಿ ಗೊತ್ತುಪಡಿಸಿದ ಮಿತಿ 62,000 ಪಿಎಸ್‌ಐ. ಹೊಸ 6.8×51ರ ನಾಗರಿಕ ರೂಪ .277 ಫ್ಯೂರಿಗೆ 80,000. ಕಾರಿನ ಟೈರಿಗೆ ನಾವು ತುಂಬಿಸುವ ಗಾಳಿ ಸುಮಾರು 32 ಪಿಎಸ್‌ಐ ಎಂದರೆ ಇದು ಅದರ ಎರಡೂವರೆ ಸಾವಿರ ಪಟ್ಟು. ಚಿಪ್ಪಿನ ಒಳವ್ಯಾಸ ಬುಡದ ಬಳಿ ಒಂದು ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಅದರ ತಳದ ಮೇಲೆ ಬೀಳುವ ಬಲ ಹಳೆಯ ಮಿತಿಯಲ್ಲಿ ಸುಮಾರು 3,400 ಕಿಲೋ ತೂಕದಷ್ಟು, ಹೊಸ ಮಿತಿಯಲ್ಲಿ ಸುಮಾರು 4,400 ಕಿಲೋ ತೂಕದಷ್ಟು. ಒಂದೆರಡು ಮಿಲಿಸೆಕೆಂಡಿನ ಮಟ್ಟಿಗೆ ಮಾತ್ರ, ಆದರೂ ಅಷ್ಟು ಸಾಕು. ಈ ಮಟ್ಟದಲ್ಲಿ ಹಿತ್ತಾಳೆಯ ಬುಡ ಜೇಡಿಮಣ್ಣಿನಂತೆ ವರ್ತಿಸತೊಡಗುತ್ತದೆ: ಕೇಪಿನ ಗುಳಿ ಅಗಲವಾಗಿ ಕೇಪು ಸಡಿಲವಾಗುತ್ತದೆ, ಬೋಲ್ಟಿನ, ಅಂದರೆ ಚಿಪ್ಪಿನ ಬುಡಕ್ಕೆ ಆನಿಕೊಂಡು ಚೇಂಬರನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡಿನ, ಮುಖದಲ್ಲಿರುವ ಸಣ್ಣ ರಂಧ್ರಗಳಿಗೆ ಹಿತ್ತಾಳೆ ಒತ್ತಿಕೊಂಡು ಹೊಳೆಯುವ ಗುರುತು ಬೀಳುತ್ತದೆ, ಮಿತಿಮೀರಿದರೆ ಬುಡವೇ ಒಡೆದು ಅನಿಲ ಹಿಂದಕ್ಕೆ ನುಗ್ಗುತ್ತದೆ.

ಹೀಗಾಗಿ ಈ ಹೊಸ ತೋಟಾವನ್ನು ರೂಪಿಸಿದ ಸಿಗ್ ಸಾವರ್ ಕಂಪನಿ ಸೋಲುವ ಭಾಗವನ್ನಷ್ಟೇ ಬದಲಿಸಿತು. ಮೈ ಹಿತ್ತಾಳೆಯದೇ, ಬುಡ ಸ್ಟೇನ್‌ಲೆಸ್ ಉಕ್ಕಿನದು, ಎರಡನ್ನೂ ಒಳಗಿನಿಂದ ಬಿಗಿಹಿಡಿಯಲು ಅಲ್ಯೂಮಿನಿಯಮ್ಮಿನ ಒಂದು ವಾಷರ್. 2022ರ ಏಪ್ರಿಲಿನಲ್ಲಿ ಅಮೆರಿಕದ ಸೇನೆ ಇದೇ ತೋಟಾದ ರೈಫಲನ್ನೂ ಮಷಿನ್‌ಗನ್ನನ್ನೂ ಆರಿಸಿತು. ಆ ರೈಫಲಿನ ಈಗಿನ ಹೆಸರು ಎಂ7.

ಇಷ್ಟು ಒತ್ತಡ ಯಾಕೆ ಬೇಕಾಯಿತು ಎಂದರೆ, ನಳಿಗೆ ಗಿಡ್ಡವಾಯಿತು. ಅನಿಲ ಗುಂಡನ್ನು ತಳ್ಳುವುದು ಗುಂಡು ನಳಿಗೆಯೊಳಗೆ ಇರುವಷ್ಟು ಹೊತ್ತು ಮಾತ್ರ. ಇಂದಿನ ಸೈನಿಕ ನಳಿಗೆಯ ತುದಿಗೆ ಸದ್ದು ತಗ್ಗಿಸುವ ಸಪ್ರೆಸರ್ ಹಾಕಿಕೊಂಡು ವಾಹನ ಹತ್ತಿ ಇಳಿಯಬೇಕು, ಆದ್ದರಿಂದ ಎಂ7ರ ನಳಿಗೆ 13 ಅಂಗುಲ. ಅದೇ ಹೊತ್ತಿಗೆ ಎದುರಾಳಿಯ ಎದೆಕವಚವನ್ನು ದೂರದಿಂದ ಭೇದಿಸುವ ವೇಗವೂ ಬೇಕೆಂದು ಸೇನೆ ಹಟ ಹಿಡಿಯಿತು. ತಳ್ಳುವ ದೂರ ಕಡಿಮೆಯಾದರೆ ತಳ್ಳುವ ಬಲ ಹೆಚ್ಚಬೇಕು, ಬೇರೆ ದಾರಿಯಿಲ್ಲ. .277 ಫ್ಯೂರಿ 140 ಗ್ರೇನಿನ, ಅಂದರೆ ಸುಮಾರು 9 ಗ್ರಾಮಿನ, ಗುಂಡನ್ನು 16 ಅಂಗುಲದ ನಳಿಗೆಯಿಂದ ಸೆಕೆಂಡಿಗೆ 3,000 ಅಡಿ ವೇಗದಲ್ಲಿ ಕಳಿಸುತ್ತದೆ ಎಂದು ಕಂಪನಿ ಹೇಳುತ್ತದೆ. ಅಷ್ಟೇ ವ್ಯಾಸದ ಗುಂಡಿನ .270 ವಿಂಚೆಸ್ಟರ್ 1925ರಿಂದ ಇದೆ. ಅದು ಈ ವೇಗದ ಹತ್ತಿರ ಬರಲು 24 ಅಂಗುಲದ ನಳಿಗೆ ಬೇಕು.

ಇದು ಪುಕ್ಕಟೆ ಸಿಕ್ಕ ಲಾಭವಲ್ಲ ಎಂಬುದನ್ನೂ ಹೇಳಬೇಕು. ಬಿಸಿಯೂ ಒತ್ತಡವೂ ಹೆಚ್ಚಾದಷ್ಟು ಚೇಂಬರಿಗೆ ತಾಗಿದ ನಳಿಗೆಯ ಒಳಭಾಗ ಬೇಗ ಸವೆಯುತ್ತದೆ. ಹಳೆಯ ಎಂ4 ರೈಫಲಿನ ಸೈನಿಕ ಏಳು ಮ್ಯಾಗಜೀನುಗಳಲ್ಲಿ 210 ತೋಟಾ ಒಯ್ಯುತ್ತಿದ್ದ. ಎಂ7ರ ಸೈನಿಕನ ಏಳು ಮ್ಯಾಗಜೀನುಗಳಲ್ಲಿ ಇರುವುದು 140. ನನ್ನ ಮಟ್ಟಿಗೆ, ಈ ಕಳೆದುಹೋದ 70 ತೋಟಾಗಳ ಪ್ರಶ್ನೆ 80,000 ಪಿಎಸ್‌ಐ ಎಂಬ ಅಂಕಿಗಿಂತ ದೊಡ್ಡದು.

ಪ್ರಶ್ನೆ: ಬೇರೆ ಬೇರೆ ಲೋಹದ ತುಂಡುಗಳನ್ನು ಜೋಡಿಸಿ ಚಿಪ್ಪು ಮಾಡಿದ್ದು ಇದೇ ಮೊದಲೇ? (ತುಮಕೂರು)

ಉತ್ತರ: ಅಲ್ಲ. ಬ್ರಿಟನ್ನಿನ ವುಲಿಚ್‌ನಲ್ಲಿದ್ದ ಕರ್ನಲ್ ಬಾಕ್ಸರ್ 1860ರ ದಶಕದಲ್ಲಿ ಸ್ನೈಡರ್ ರೈಫಲಿಗೆ ರೂಪಿಸಿದ ತೋಟಾ, ತೆಳು ಹಿತ್ತಾಳೆ ಹಾಳೆಯನ್ನು ಸುರುಳಿ ಸುತ್ತಿ ಅದಕ್ಕೆ ಕಬ್ಬಿಣದ ಬಿಲ್ಲೆಯ ಬುಡ ಹಾಕಿದ್ದಾಗಿತ್ತು. ಅದರ ಮುಂದಿನ ಪೀಳಿಗೆಯ ಮಾರ್ಟಿನಿ-ಹೆನ್ರಿ ರೈಫಲಿನಲ್ಲೂ ಇದೇ ಪದ್ಧತಿ ಮುಂದುವರಿಯಿತು. 1884–85ರ ಸುಡಾನ್ ಯುದ್ಧದಲ್ಲಿ ಮರಳು ಮತ್ತು ಬಿಸಿಗೆ ಸುರುಳಿ ಹಿತ್ತಾಳೆ ಚೇಂಬರಿಗೆ ಕಚ್ಚಿಕೊಂಡು, ಕೊಕ್ಕೆ ಎಳೆದಾಗ ಬುಡ ಮಾತ್ರ ಕಿತ್ತು ಬಂದು ಮೈ ಒಳಗೇ ಉಳಿದದ್ದು ದೊಡ್ಡ ರಂಪವಾಯಿತು. ಆ ಬಳಿಕ ಒಂದೇ ತುಂಡು ಹಿತ್ತಾಳೆಯನ್ನು ಎಳೆದು ಮಾಡಿದ ಚಿಪ್ಪು ಬಂತು. ಹಾಗಾಗಿ ಜೋಡಣೆಯ ಚಿಪ್ಪಿನ ಬಗ್ಗೆ ಅನುಮಾನ ಹಳೆಯದು. ಈಗಿನ ವಾಷರ್ ಬಿಗಿತ ಅದಕ್ಕೆ ಕೊಟ್ಟಿರುವ ಉತ್ತರ.

ಪ್ರಶ್ನೆ: ಬುಡ ಮಾತ್ರ ಯಾಕೆ, ಇಡೀ ಚಿಪ್ಪನ್ನೇ ಉಕ್ಕಿನಲ್ಲಿ ಮಾಡಿದರೆ ಆಗದೇ? ರಷ್ಯಾದವರು ಅಗ್ಗದ ಉಕ್ಕಿನಲ್ಲೇ ಮಾಡುತ್ತಾರಲ್ಲ? (ಧಾರವಾಡ)

ಉತ್ತರ: ಪತ್ರಗಳಲ್ಲೇ ಒಳ್ಳೆಯ ಪ್ರಶ್ನೆ ಇದು. ಚಿಪ್ಪಿಗೆ ಬೇಕಾದದ್ದು ಬರೀ ಗಟ್ಟಿತನವಲ್ಲ, ಹಿಂದಕ್ಕೆ ಪುಟಿಯುವ ಗುಣ. ಉಬ್ಬಿದ ಲೋಹ ಎಷ್ಟು ಕುಗ್ಗಿ ಹಿಂದಿರುಗುತ್ತದೆ ಎಂಬುದು ಎರಡು ಗುಣಗಳ ಭಾಗಲಬ್ಧ: ಅದು ಶಾಶ್ವತವಾಗಿ ಬಾಗುವ ಮುನ್ನ ತಾಳುವ ಬಿಗಿತವನ್ನು ಅದರ ಪೆಡಸುತನದಿಂದ ಭಾಗಿಸಬೇಕು. ಹಿತ್ತಾಳೆಯ ಪೆಡಸುತನ ಸುಮಾರು 110 ಗಿಗಾಪಾಸ್ಕಲ್, ಉಕ್ಕಿನದು ಸುಮಾರು 200. ಅಂದರೆ ಎರಡೂ ಒಂದೇ ಬಿಗಿತಕ್ಕೆ ಬಾಗುವಂಥವಾದರೆ, ಉಕ್ಕು ಹಿತ್ತಾಳೆಯ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಹಿಂದಕ್ಕೆ ಪುಟಿಯುತ್ತದೆ. ಅಗ್ಗದ ಮೆದು ಉಕ್ಕಿನ ಚಿಪ್ಪು ಚೇಂಬರಿನಲ್ಲಿ ಅಂಟಿಕೊಳ್ಳುವುದು ಇದಕ್ಕೇ. ಕಲಾಷ್ನಿಕೋವ್ ರೈಫಲಿನ ತೋಟಾ ಬುಡದಿಂದ ತುದಿಗೆ ಎದ್ದುಕಾಣುವಷ್ಟು ಮೊನಚಾಗುತ್ತ ಹೋಗುವುದರಿಂದ ತುಸು ಹಿಂದೆ ಸರಿದರೂ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ಉಕ್ಕಿಗೆ ಅಲ್ಲಿ ಒಗ್ಗಿತು.

ಆದರೆ ಹಿತ್ತಾಳೆಗಿಂತ ಎರಡು ಮೂರು ಪಟ್ಟು ಬಿಗಿತ ತಾಳುವ ಮಿಶ್ರಲೋಹದ ಉಕ್ಕನ್ನು ಬಳಸಿದರೆ ಲೆಕ್ಕ ತಿರುಗಿಬೀಳುತ್ತದೆ: ಪೆಡಸುತನ ಬದಲಾಗದೆ ಬಿಗಿತ ಮಾತ್ರ ಏರುವುದರಿಂದ ಪುಟಿತವೂ ಏರುತ್ತದೆ. ಅಮೆರಿಕದ ಫೆಡರಲ್ ಕಂಪನಿ 2025ರಲ್ಲಿ ಹೊರತಂದ 7 ಮಿ.ಮೀ. ಬ್ಯಾಕ್‌ಕಂಟ್ರಿ ಎಂಬ ಬೇಟೆಯ ತೋಟಾ ಇಂಥ ಒಂದೇ ತುಂಡಿನ ಉಕ್ಕಿನ ಚಿಪ್ಪಿನದು. ಮಿತಿ ಅಲ್ಲೂ 80,000 ಪಿಎಸ್‌ಐ. 20 ಅಂಗುಲದ ನಳಿಗೆಯಿಂದ 170 ಗ್ರೇನಿನ ಗುಂಡಿಗೆ 3,000 ಅಡಿ ವೇಗ ಎಂಬುದು ಕಂಪನಿಯ ಮಾತು. ಗೋಡೆ ತೆಳುವಾದದ್ದರಿಂದ ಒಳಗೆ ಮದ್ದಿಗೂ ಜಾಗ ಹೆಚ್ಚು. ಜೋಡಣೆ ಇಲ್ಲದ ಈ ದಾರಿ ನನಗೆ ಹೆಚ್ಚು ಹಿಡಿಸುತ್ತದೆ, ಆದರೆ ಇಂಥ ಉಕ್ಕನ್ನು ಒಡೆಯದಂತೆ ಚಿಪ್ಪಿನ ಆಕಾರಕ್ಕೆ ಎಳೆಯುವುದು ಹಿತ್ತಾಳೆಯನ್ನು ಎಳೆದಷ್ಟು ಸಲೀಸಲ್ಲ.

ಪ್ರಶ್ನೆ: ಕೈಲ್ ಪೊಳ್ದ್ ಹಬ್ಬದ ಆಯುಧಪೂಜೆಗೆ ಅಜ್ಜನ ಕಾಲದ ಕೋವಿಯನ್ನು ಒರೆಸಿ ಇಡುವಾಗ ಪೆಟ್ಟಿಗೆಯಲ್ಲಿ ಹಳೆಯ ಹಿತ್ತಾಳೆ ತೋಟಾಗಳು ಸಿಕ್ಕಿದವು. ಯಾರೂ ಹೊಡೆದಿಲ್ಲ, ಬೀಳಿಸಿಲ್ಲ. ಆದರೂ ನಾಲ್ಕೈದರ ಕತ್ತು ಉದ್ದಕ್ಕೆ ಸೀಳಿದೆ. ಪೆಟ್ಟಿಗೆ ಇದ್ದದ್ದು ದನದ ಹಟ್ಟಿಯ ಅಟ್ಟದಲ್ಲಿ. ಒತ್ತಡವೇ ಇಲ್ಲದೆ ಹಿತ್ತಾಳೆ ಹೇಗೆ ಒಡೆಯಿತು? (ವಿರಾಜಪೇಟೆ)

ಉತ್ತರ: ಕಾರಣವನ್ನು ನೀವೇ ಬರೆದುಬಿಟ್ಟಿದ್ದೀರಿ. ಹಟ್ಟಿ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯವರು ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ನೋಡಿದರೆ ಚಿಪ್ಪುಗಳು ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು. ಋತುವಿಗೆ ಸರಿಯಾಗಿ ಬರುತ್ತಿದ್ದುದರಿಂದ ಇದಕ್ಕೆ ‘ಋತು ಬಿರುಕು’ ಎಂಬ ಅರ್ಥದ ಹೆಸರೇ ಬಿತ್ತು. ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರು 1921ರಲ್ಲಿ ಇದರ ಗುಟ್ಟನ್ನು ಬಿಡಿಸಿದರು: ಗಂಜಲದಿಂದ ಏಳುವ ಅಮೋನಿಯ, ಗಾಳಿಯ ತೇವ, ಮತ್ತು ಚಿಪ್ಪನ್ನು ಎಳೆದು ಮಾಡುವಾಗ ಲೋಹದೊಳಗೇ ಉಳಿದುಹೋದ ಸೆಳೆತ. ಈ ಮೂರೂ ಕೂಡಿದಾಗ, ಸುಮಾರು 70 ಪಾಲು ತಾಮ್ರ ಮತ್ತು 30 ಪಾಲು ಸತುವಿರುವ ತೋಟಾ ಹಿತ್ತಾಳೆಯ ಕಣಗಳ ಅಂಚಿನಲ್ಲಿ ಬಿರುಕು ಹರಿಯುತ್ತದೆ. ಅಮೋನಿಯ ಹೊರಗಿನದು, ಒತ್ತಡ ಒಳಗಿನದು. ಒತ್ತಡವೇ ಇರಲಿಲ್ಲ ಎನ್ನುವ ಹಾಗಿಲ್ಲ.

ಪರಿಹಾರ ಸರಳ. ತಯಾರಿಕೆಯಲ್ಲೇ ಚಿಪ್ಪನ್ನು ಹದವಾಗಿ ಕಾಯಿಸಿ ಆ ಸೆಳೆತವನ್ನು ಸಡಿಲಿಸಬೇಕು. ಸೇನೆಯ ತೋಟಾಗಳ ಕತ್ತಿನ ಸುತ್ತ ಕಾಣುವ ನೀಲಿ-ಕಂದು ಛಾಯೆ ಕೊಳೆಯಲ್ಲ, ಹೀಗೆ ಕಾಯಿಸಿದ್ದರ ಗುರುತು. ನಿಮ್ಮ ಪೆಟ್ಟಿಗೆಯಲ್ಲಿ ಸೀಳದೆ ಉಳಿದ ತೋಟಾಗಳನ್ನೂ ನಂಬಬೇಡಿ, ಬಳಸಬೇಡಿ, ಬಿಚ್ಚಲೂ ಹೋಗಬೇಡಿ. ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ ಒಪ್ಪಿಸಿಬಿಡಿ.

ಪ್ರಶ್ನೆ: ಪ್ಲಾಸ್ಟಿಕ್ ಚಿಪ್ಪು ಬಂದಿದೆ ಎನ್ನುತ್ತಾರೆ. ಚಿಪ್ಪೇ ಇಲ್ಲದ ತೋಟಾವೂ ಉಂಟಂತೆ? (ಮಂಗಳೂರು)

ಉತ್ತರ: ಎರಡೂ ನಿಜ. ಅಮೆರಿಕದ ಸೇನೆಯ ಅದೇ ಪೈಪೋಟಿಗೆ ಬಂದ ಮೂರು ತಂಡಗಳು ಮೂರು ಬಗೆಯ ಚಿಪ್ಪು ತಂದಿದ್ದವು. ಸಿಗ್‌ನದನ್ನು ಹೇಳಿದೆ. ಟೆಕ್ಸಸ್‌ನ ಟ್ರೂ ವೆಲಾಸಿಟಿಯದು ಪಾಲಿಮರ್ ಮೈಯ ಹಗುರ ಚಿಪ್ಪು. ಗಮನಿಸಿ, ಬುಡ ಅಲ್ಲೂ ಲೋಹದ್ದೇ. ಟೆಕ್ಸ್‌ಟ್ರಾನ್ ತಂಡ ಗುಂಡನ್ನು ಪೂರ್ತಿಯಾಗಿ ಪ್ಲಾಸ್ಟಿಕ್ ಕೊಳವೆಯ ಒಳಗೇ ಹುದುಗಿಸಿ ಸುತ್ತ ಮದ್ದು ತುಂಬಿತ್ತು. ಚಿಪ್ಪೇ ಇಲ್ಲದ್ದು ಜರ್ಮನಿಯ ಜಿ11 ರೈಫಲಿನ 4.73 ಮಿ.ಮೀ. ತೋಟಾ: ಒತ್ತಿ ಗಟ್ಟಿಮಾಡಿದ ಮದ್ದಿನ ಇಟ್ಟಿಗೆಯೊಳಗೆ ಗುಂಡು. ಅದರ ಕಷ್ಟದಿಂದ ಚಿಪ್ಪಿನ ಇನ್ನೊಂದು ಉಪಕಾರ ಗೊತ್ತಾಯಿತು. ಹೊರಗೆ ಹಾರುವ ಬಿಸಿ ಹಿತ್ತಾಳೆ ತನ್ನೊಂದಿಗೆ ಚೇಂಬರಿನ ಶಾಖವನ್ನೂ ಒಯ್ಯುತ್ತದೆ. ಅದು ಇಲ್ಲದ್ದರಿಂದ ಜಿ11ರ ಮೊದಲ ಮಾದರಿಗಳಲ್ಲಿ ಕಾದ ಚೇಂಬರಿಗೆ ತಾಗಿದ ಮದ್ದು, ಟ್ರಿಗರ್ ಎಳೆಯುವ ಮೊದಲೇ ಹೊತ್ತಿಕೊಳ್ಳುತ್ತಿತ್ತು. ಹೆಚ್ಚು ಬಿಸಿಗೆ ಮಾತ್ರ ಹೊತ್ತುವ ಮದ್ದನ್ನು ಹುಡುಕಿ ಅದನ್ನು ಸರಿಪಡಿಸಿದರು. ಅಷ್ಟರಲ್ಲಿ ಎರಡೂ ಜರ್ಮನಿಗಳು ಒಂದಾಗಿ ಯೋಜನೆಯೇ ಕೈಬಿಟ್ಟುಹೋಯಿತು.

ಪ್ರಶ್ನೆ: ನಾನು ಓದಿದ ಹಳೆಯ ಕೈಪಿಡಿಯಲ್ಲಿ .308ರ ಒತ್ತಡ 52,000 ಎಂದಿತ್ತು. ಈಗ 62,000 ಎನ್ನುತ್ತಾರೆ. ಯಾವಾಗ ಹೆಚ್ಚಿಸಿದರು? ನಮ್ಮ ಸೇನೆಯ 716 ರೈಫಲಿಗೆ ಈ ಹೊಸ ತೋಟಾ ಆಗುತ್ತದೆಯೇ? (ನಿವೃತ್ತ ಯೋಧರು, ಮೈಸೂರು)

ಉತ್ತರ: ಹೆಚ್ಚಿಸಲಿಲ್ಲ, ಅಳೆಯುವ ಕ್ರಮ ಬದಲಾಯಿತು. ಹಿಂದೆ ಚೇಂಬರಿಗೆ ತೂತು ಕೊರೆದು, ಒತ್ತಡಕ್ಕೆ ಒಂದು ಪುಟ್ಟ ತಾಮ್ರದ ಸಿಲಿಂಡರ್ ಎಷ್ಟು ಚಪ್ಪಟೆಯಾಯಿತು ಎಂದು ಅಳೆಯುತ್ತಿದ್ದರು. ಕ್ಷಣಮಾತ್ರದ ಶಿಖರವನ್ನು ಪೂರ್ತಿ ಹಿಡಿಯುವಷ್ಟು ಚುರುಕು ಆ ತಾಮ್ರಕ್ಕಿಲ್ಲ. ಈಗಿನ ಪೀಜೋ ಸ್ಫಟಿಕಕ್ಕೆ, ಅಂದರೆ ಒತ್ತಿದಾಗ ವಿದ್ಯುತ್ ಹುಟ್ಟಿಸುವ ಹರಳಿಗೆ, ಇದೆ. ತೋಟಾ ಅದೇ, ಒತ್ತಡವೂ ಅದೇ. 52,000 ತಾಮ್ರದ ಅಂಕಿ, 62,000 ಸ್ಫಟಿಕದ್ದು. ಎರಡನ್ನೂ ಒಂದೇ ಸೂತ್ರದಿಂದ ಪರಸ್ಪರ ಬದಲಿಸಲು ಬರುವುದಿಲ್ಲ.

716ರ ವಿಷಯ: ಭಾರತ 2019ರಲ್ಲಿ 72,400 ಸಂಖ್ಯೆಯಲ್ಲಿ ಕೊಳ್ಳಲು ಒಪ್ಪಂದ ಮಾಡಿಕೊಂಡ ಈ ರೈಫಲ್ ಸಿಗ್ ಕಂಪನಿಯದೇ, ಅದರ 7.62×51 ತೋಟಾಕ್ಕೂ ಹೊಸದಕ್ಕೂ ಚಿಪ್ಪಿನ ಉದ್ದ 51 ಮಿಲಿಮೀಟರೇ, ಬುಡದ ಅಗಲವೂ ಒಂದೇ. ನೋಡಲು ಅಣ್ಣತಮ್ಮಂದಿರಂತಿವೆ. ಆದರೆ ಗುಂಡಿನ ವ್ಯಾಸ ಬೇರೆ, ಆದ್ದರಿಂದ ನಳಿಗೆ ಬೇರೆ; ಬೋಲ್ಟು ಮತ್ತು ಅದರ ಹಲ್ಲುಗಳನ್ನು ರೂಪಿಸಿರುವುದು 7.62ರ ಒತ್ತಡಕ್ಕೆ. ಚಿಪ್ಪು ತಾಳುತ್ತದೆ ಎಂದ ಮಾತ್ರಕ್ಕೆ ರೈಫಲ್ ತಾಳುವುದಿಲ್ಲ, ಹಾಕಬಾರದು.