ವಿಡಿಯೊ ಗೇಮ್‌ನಲ್ಲಿ ಕೊಂದರೆ ಅಪರಾಧವಲ್ಲ, ರೆಡ್ ಕ್ರಾಸ್ ಗುರುತು ಹಾಕಿದರೆ ಯಾಕೆ ತಪ್ಪು?

ಕೊಲ್ಲುವುದು ಪರದೆಯ ಮೇಲಷ್ಟೇ ನಡೆಯುತ್ತದೆ, ಗುರುತು ಮಾತ್ರ ನಿಜವಾದದ್ದು. ಬಿಳಿ ಮೇಲಿನ ಕೆಂಪು ಕ್ರಾಸ್ ಎಂದರೆ ಆಸ್ಪತ್ರೆ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಅದು ಯುದ್ಧಭೂಮಿಯಲ್ಲಿ ಸೈನಿಕನಿಗೆ 'ಇಲ್ಲಿ ಗಾಯಾಳುಗಳಿದ್ದಾರೆ, ಗುಂಡು ಹಾರಿಸಬೇಡ' ಎಂದು ಹೇಳುವ ಗುರುತು. 1949ರ ಮೊದಲ ಜಿನೀವಾ ಒಪ್ಪಂದದ 53ನೇ ವಿಧಿ ಅದರ ಖಾಸಗಿ ಬಳಕೆಯನ್ನು ನಿಷೇಧಿಸುತ್ತದೆ. ಭಾರತದಲ್ಲಿ ಇದಕ್ಕೆ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯಿದೆ. ಗೇಮ್‌ನಲ್ಲಿ ಮುಟ್ಟಿದ ಕೂಡಲೇ ಆಟಗಾರನ 'ಹೆಲ್ತ್' ತುಂಬುವ ಡಬ್ಬಿಯ ಮೇಲೆ ದಿನವೂ ಕಂಡರೆ ಆ ಅರ್ಥ ಸವೆಯುತ್ತದೆ. ಸವೆದಷ್ಟೂ ನಿಜವಾದ ಆಂಬುಲೆನ್ಸಿಗೆ ಅಪಾಯ.

'ಪ್ರಿಸನ್ ಆರ್ಕಿಟೆಕ್ಟ್' ಗೇಮ್ ತಯಾರಕರು ಬ್ರಿಟಿಷ್ ರೆಡ್ ಕ್ರಾಸ್ ಎಚ್ಚರಿಸಿದ ಮೇಲೆ 2017ರಲ್ಲಿ ಕೆಂಪನ್ನು ಹಸಿರಾಗಿಸಿದರು. ಹಸಿರು ಮೇಲೆ ಬಿಳಿ ಕ್ರಾಸ್ ಹಾಕಿ, ತೊಂದರೆಯಿಲ್ಲ. ಕೆಂಪಿನ ಮೇಲೆ ಬಿಳಿ ಮಾತ್ರ ಬೇಡ: ಅದು ಸ್ವಿಟ್ಜರ್‌ಲೆಂಡಿನ ಲಾಂಛನ, ಅದನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳುವುದನ್ನೂ ಅದೇ 53ನೇ ವಿಧಿ ತಡೆಯುತ್ತದೆ.