ಮೊದಲು ಕಿವಿಗೆ ಬಿದ್ದದ್ದನ್ನು ಬರೆಯಿರಿ

ನಮಸ್ಕಾರ.

ಗ್ರೂಪರ್ ಎಂಬ ಹೆಸರಿನಲ್ಲಿ ಹಾಡುವ ಅಮೆರಿಕದ ಲಿಜ್ ಹ್ಯಾರಿಸ್ ಅವರ 'ಗ್ರಿಡ್ ಆಫ್ ಪಾಯಿಂಟ್ಸ್' ಆಲ್ಬಮ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಕನ್ನಡದಲ್ಲಿ ಇಂಥ ಸಂಗೀತದ ಬಗ್ಗೆ ಬರೆಯುವವರು ತೀರಾ ಕಡಿಮೆ. ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ನಿಮ್ಮ ಮೊದಲ ಎರಡು ಪುಟ ಅವರ ಬಾಲ್ಯಕ್ಕೇ ಹೋಗಿದೆ. ಗುರ್ಜೀಫ್ ಎಂಬ ಅಧ್ಯಾತ್ಮ ಗುರುವಿನ ವಿಚಾರಗಳನ್ನು ನಂಬಿ ಕೂಡಿ ಬಾಳುತ್ತಿದ್ದ ಕಮ್ಯೂನ್, ಅಲ್ಲಿಂದ ಬಂದ 'ಗ್ರೂಪರ್' ಎಂಬ ಹೆಸರು, ಆಮೇಲೆ ಆರೆಗಾನ್‌ನ ಬದುಕು. ಓದುಗರಿಗೆ ಒಂದು ಸ್ವರ ಕೇಳಿಸುವ ಮೊದಲೇ ಅರ್ಧ ಲೇಖನ ಮುಗಿದಿರುತ್ತದೆ. ಇದನ್ನು ಮೂರು ಸಾಲಿಗೆ ಇಳಿಸಿ.

ಆಮೇಲೆ ಆ ವಿಶೇಷಣಗಳು. ಅಲೌಕಿಕ, ಮಾಂತ್ರಿಕ, ಮನಸ್ಸು ಕಲಕುವ. ಇವನ್ನು ಯಾವ ಗಾಯಕಿಯ ಬಗ್ಗೆ ಬೇಕಾದರೂ ಹೇಳಬಹುದು, ಅಲ್ವಾ? ಮೊದಲ ಹಾಡು 'ದ ರೇಸಸ್' ತಗೊಳ್ಳಿ. ಒಂದು ನಿಮಿಷವೂ ಇಲ್ಲ. ಅವರದೇ ದನಿ, ಅದರ ಮೇಲೆ ಮತ್ತೆ ಅವರದೇ ದನಿ. ಮಾತು ಏನೆಂದು ಹಿಡಿಯುವಷ್ಟರಲ್ಲಿ ಹಾಡೇ ಮುಗಿದಿರುತ್ತದೆ. ಇಷ್ಟು ಬರೆದರೂ ಸಾಕು, ಆಲ್ಬಮ್ ಕೇಳದವರಿಗೂ ಏನೋ ಸಿಗುತ್ತದೆ.

'ಇದು ಅಮೆರಿಕದ ಭಾವಗೀತೆ' ಎಂಬ ಸಾಲನ್ನು ತೆಗೆಯಿರಿ. ನಮ್ಮ ಸುಗಮ ಸಂಗೀತದಲ್ಲಿ ಕವಿತೆ ಮುಂದೆ, ರಾಗ ಅದರ ಹಿಂದೆ. ಒಂದು ಪದ ಸರಿಯಾಗಿ ಕೇಳದಿದ್ದರೂ ನಮಗೆ ಕಸಿವಿಸಿ. ಹ್ಯಾರಿಸ್ ಬೇಕೆಂದೇ ಪದಗಳನ್ನು ದನಿಯೊಳಗೆ ಮುಳುಗಿಸುತ್ತಾರೆ. ಈ ವ್ಯತ್ಯಾಸವನ್ನೇ ಬರೆಯಿರಿ. ಭಾವಗೀತೆ ಕೇಳಿ ಬೆಳೆದವರಿಗೆ ತಟ್ಟನೆ ಅರ್ಥವಾಗುತ್ತದೆ.

ನನಗೆ ನಿಜಕ್ಕೂ ಬೇಸರವಾದದ್ದು ಕೊನೆಯ ಪ್ಯಾರಾ. ಏಳೇ ಹಾಡು, 22 ನಿಮಿಷ, ಅಪೂರ್ಣ ಅನಿಸುತ್ತದೆ ಎಂದು ಮುಗಿಸಿಬಿಟ್ಟಿದ್ದೀರಿ. ವಯೋಮಿಂಗ್‌ನಲ್ಲಿ ಹ್ಯಾರಿಸ್ ಒಂದೂವರೆ ವಾರ ಹಾಡು ಬರೆಯುತ್ತಿದ್ದಾಗ ಜೋರು ಜ್ವರ ಬಂದು ಕೆಲಸ ನಿಂತುಹೋಯಿತು ಎಂಬುದನ್ನು ಸುಮ್ನೆ ಆವರಣದೊಳಗೆ ಹಾಕಿದ್ದೀರಿ. ಲೇಖನದ ಜೀವವೇ ಅದು! ಆಮೇಲೆ ಅವರು ಕೂತು ಇನ್ನೂ ನಾಲ್ಕು ಹಾಡು ಸೇರಿಸಬಹುದಿತ್ತು. ಸೇರಿಸಲಿಲ್ಲ. ಚಿಕ್ಕದಾದರೂ ಇದು ಪೂರ್ತಿಯಾಗಿದೆ ಎಂದೇ ಹೇಳಿ, 2018ರಲ್ಲಿ ಕ್ರ್ಯಾಂಕಿ ಎಂಬ ಸ್ವತಂತ್ರ ಲೇಬಲ್ ಮೂಲಕ ಹೊರತಂದರು. ಕೊನೆಯ ಹಾಡು 'ಬ್ರೀದಿಂಗ್' ಮುಗಿಯುವುದು ರೈಲಿನ ಸದ್ದಿನಲ್ಲಿ. ಆ ಸದ್ದು ಯಾಕೆ ಅಲ್ಲಿದೆ ಎಂದು ಯೋಚಿಸಿದ್ದೀರಾ? ಅಪೂರ್ಣ ಎಂದೇ ನಿಮಗೆ ಅನಿಸಿದ್ದರೆ ಹಾಗೇ ಬರೆಯಿರಿ, ನನ್ನ ತಕರಾರಿಲ್ಲ. ಆದರೆ ಯಾವ ಹಾಡು, ಎಲ್ಲಿ ಅರ್ಧಕ್ಕೆ ನಿಂತಿದೆ ಎಂದು ತೋರಿಸಿಕೊಡಿ.

ನಿಮಗೆ ಕಿವಿ ಇದೆ. ಅವರ 2014ರ ಆಲ್ಬಮ್ 'ರೂಯಿನ್ಸ್' ಬಗ್ಗೆ ಬರೆದ ಎರಡು ವಾಕ್ಯದಲ್ಲಿ ಅದು ಗೊತ್ತಾಗುತ್ತದೆ. ಪೋರ್ಚುಗಲ್‌ನ ಅಲ್ಜೆಜೂರ್‌ನಲ್ಲಿ ರೆಕಾರ್ಡ್ ಮಾಡುವಾಗ ಕರೆಂಟ್ ಹೋಗಿ ಬಂತು, ಮೈಕ್ರೋವೇವ್ ಬೀಪ್ ಎಂದಿತು, ಆ ಬೀಪನ್ನು ಅವರು ಹಾಡಿನಲ್ಲೇ ಬಿಟ್ಟರು. ಒಂದೂ ವಿಶೇಷಣ ಹಾಕದೆ ಹೇಳಿದ್ದೀರಿ. ಇಡೀ ಲೇಖನಕ್ಕೆ ಇದೇ ಧಾಟಿ ಬೇಕು.

ಜ್ವರದಿಂದ ಶುರು ಮಾಡಿ. ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಪೂರ್ತಿ ಕೇಳಿ, ಆಮೇಲೆ ಬರೆಯಿರಿ. 600 ಪದಕ್ಕಿಂತ ಜಾಸ್ತಿ ಬೇಡ. ಕಳಿಸಿದ ಕೂಡಲೇ ಓದುತ್ತೇನೆ.

ಸಂಪಾದಕ