‘ಎರಡೂ ದಾರಿ ಇರಲಿ’ ಅಂತ ಪಿಸಿಎಂಬಿ ಕೊಡಿಸಬೇಡಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ನನಗೆ ಬರುವ ಪ್ರಶ್ನೆಗಳಲ್ಲಿ ಹೊಸದು ಸಿಗುವುದು ಕಡಿಮೆ. ಊರು ಬೇರೆ, ಅಂಕ ಬೇರೆ, ಕೇಳುವುದು ಮಾತ್ರ ಅದೇ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾ, ಅಡ್ಮಿಷನ್ ಸಮಯದಲ್ಲಿ ಮಕ್ಕಳ ಜೊತೆ ಕೂತು ಕಾಂಬಿನೇಷನ್ ಬಗ್ಗೆ ಮಾತಾಡುತ್ತಾ ಬಂದವನು ನಾನು. ಒಂದೇ ತಪ್ಪು ಮನೆಮನೆಯಲ್ಲೂ ನಡೆಯುವುದನ್ನು ನೋಡಿ ಬೇಸರವಾಗಿದೆ, ಸಿಟ್ಟೂ ಬಂದಿದೆ. ಹಾಗಾಗಿ ಈ ಸಲ ಒಂದು ಪ್ರಶ್ನೆಗೇ ಜಾಸ್ತಿ ಜಾಗ. ಉಳಿದವಕ್ಕೆ ಚುಟುಕು ಉತ್ತರ.

ಪ್ರಶ್ನೆ: ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 563 ಬಂದಿದೆ. ಸಮಾಜ ವಿಜ್ಞಾನಕ್ಕೆ 97, ಗಣಿತಕ್ಕೆ 84, ವಿಜ್ಞಾನಕ್ಕೆ 79. ಅವಳು ಕಾಮರ್ಸ್ ಅಥವಾ ಆರ್ಟ್ಸ್ ಅನ್ನುತ್ತಿದ್ದಾಳೆ. ಶೇಕಡಾ 90 ತೆಗೆದವಳು ಸೈನ್ಸ್ ಬಿಡುವುದೇ ಅಂತ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತಗೊಂಡರೆ ಡಾಕ್ಟರ್, ಇಂಜಿನಿಯರ್ ಎರಡೂ ದಾರಿ ಇರುತ್ತೆ, ಆಮೇಲೆ ಬೇಕಾದರೆ ಬೇರೆ ಕಡೆ ಹೋಗಬಹುದು ಅಲ್ವಾ? – ಒಬ್ಬ ತಂದೆ, ತುಮಕೂರು

ಅಲ್ಲ ಸ್ವಾಮಿ. ಈ ‘ಎರಡೂ ದಾರಿ ಇರಲಿ’ ಅನ್ನುವ ಮಾತಿನಿಂದ ಹಾಳಾದಷ್ಟು ಮಕ್ಕಳು ದಡ್ಡತನದಿಂದ ಹಾಳಾಗಿಲ್ಲ.

ಮೊದಲು ಅಂಕಪಟ್ಟಿಯನ್ನು ಸರಿಯಾಗಿ ಓದಿ. ಒಟ್ಟು ಅಂಕ ಬಿಟ್ಟುಬಿಡಿ, ಅದರಿಂದ ಕಾಂಬಿನೇಷನ್ ತೀರ್ಮಾನ ಆಗುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪ್ರತಿ ವಿಷಯಕ್ಕೂ ಆಂತರಿಕ ಅಂಕ ಸೇರಿರುತ್ತದೆ. ವಿಜ್ಞಾನದ 100ರಲ್ಲಿ 20 ಶಾಲೆಯವರು ಕೊಡುವುದು, 80 ಪರೀಕ್ಷೆ ಬರೆದು ಗಳಿಸುವುದು. ಆ 20 ಬಹುತೇಕ ಮಕ್ಕಳಿಗೆ ಪೂರ್ತಿ ಸಿಕ್ಕಿರುತ್ತದೆ. ಹಾಗಾದರೆ ನಿಮ್ಮ ಮಗಳು ವಿಜ್ಞಾನದಲ್ಲಿ ಬರೆದು ಗಳಿಸಿದ್ದು 80ಕ್ಕೆ 59. ಗಣಿತದಲ್ಲಿ 64. ಸಮಾಜ ವಿಜ್ಞಾನದಲ್ಲಿ 77. ನಿಮ್ಮ ಕಣ್ಣಿಗೆ ಶೇಕಡಾ 90 ಕಾಣುತ್ತಿದೆ. ನನಗೆ ಈ ಮೂರು ಸಂಖ್ಯೆ ಕಾಣುತ್ತಿವೆ.

80ಕ್ಕೆ 59 ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅಷ್ಟು ಬಂದವರು ಸೈನ್ಸ್ ಓದಿ ಚೆನ್ನಾಗಿಯೇ ಮುಂದೆ ಬಂದಿದ್ದಾರೆ. ಆದರೆ ಅವರಿಗೆ ಅದು ಬೇಕಿತ್ತು, ಹಟ ಇತ್ತು. ಬೇಡ ಅನ್ನುತ್ತಿರುವ ಹುಡುಗಿಗೆ 59 ಸಾಲುವುದಿಲ್ಲ. ಯಾಕೆ ಅಂದರೆ ಹತ್ತನೇ ತರಗತಿಯಿಂದ ಪ್ರಥಮ ಪಿಯುಸಿಗೆ ಹೋಗುವುದು ಇನ್ನೊಂದು ಮೆಟ್ಟಿಲು ಹತ್ತಿದ ಹಾಗಲ್ಲ, ನಡುವಿನ ನಾಲ್ಕು ಮೆಟ್ಟಿಲು ಮುರಿದಿವೆ. ಹತ್ತರಲ್ಲಿ ವಿಜ್ಞಾನ ಒಂದೇ ಪೇಪರ್. ಪಿಯುಸಿಯಲ್ಲಿ ಅದು ಮೂರು ವಿಷಯ, ಮೂರಕ್ಕೂ ಪ್ರತ್ಯೇಕ ಲ್ಯಾಬ್. ನನ್ನ ವಿಷಯವನ್ನೇ ತಗೊಳ್ಳಿ. ಮೊದಲ ಕೆಲವೇ ವಾರಗಳಲ್ಲಿ ಚಲನೆಯ ಪಾಠ ಬರುತ್ತದೆ. ಅದಕ್ಕೆ ಡಿರಿವೇಟಿವ್, ಅಂದರೆ ಬದಲಾವಣೆಯ ದರದ ಲೆಕ್ಕ ಬೇಕು. ಗಣಿತದ ಪುಸ್ತಕದಲ್ಲಿ ಡಿರಿವೇಟಿವ್ ಇರುವುದು ವರ್ಷದ ಕೊನೆಯ ಕಡೆಯ ಪಾಠಗಳಲ್ಲಿ. ಭೌತಶಾಸ್ತ್ರದಲ್ಲಿ ಚಲನೆಯ ಹಿಂದೆಯೇ ವೆಕ್ಟರ್ (ಅಳತೆಯ ಜೊತೆ ದಿಕ್ಕೂ ಇರುವ ಪರಿಮಾಣ) ಬರುತ್ತದೆ. ಗಣಿತದಲ್ಲಿ ವೆಕ್ಟರ್ ಕಲಿಸುವುದು ದ್ವಿತೀಯ ಪಿಯುಸಿಯಲ್ಲಿ! ಹತ್ತರಲ್ಲಿ ತ್ರಿಕೋನಮಿತಿ ಓದಿದ್ದು 90 ಡಿಗ್ರಿಯೊಳಗಿನ ಕೋನಕ್ಕೆ. ಇಲ್ಲಿ ಎಲ್ಲ ಕೋನಕ್ಕೂ ಬೇಕು. ರಸಾಯನಶಾಸ್ತ್ರದಲ್ಲಿ ಪಿಎಚ್ ಲೆಕ್ಕಕ್ಕೆ ಲಾಗರಿದಮ್ ಬೇಕು, ಅದನ್ನು ಹತ್ತರಲ್ಲಿ ಯಾರೂ ಕಲಿಸಿರುವುದಿಲ್ಲ. ಮಗುವಿಗೆ ಇಷ್ಟ ಇದ್ದರೆ ಈ ಕಂದಕವನ್ನೆಲ್ಲ ತಾನೇ ಹೇಗೋ ದಾಟುತ್ತದೆ. ಇಷ್ಟ ಇಲ್ಲದ ಮಗು ಆಗಸ್ಟ್ ಹೊತ್ತಿಗೆ ಬೋರ್ಡ್ ಮೇಲಿದ್ದದ್ದನ್ನು ಸುಮ್ನೆ ಕಾಪಿ ಮಾಡಲು ಶುರು ಮಾಡುತ್ತದೆ. ತರಗತಿಯಲ್ಲಿ ನಿಂತವನಿಗೆ ಅದು ಗೊತ್ತಾಗುತ್ತದೆ. ಪೆನ್ನು ಓಡುತ್ತಿರುತ್ತದೆ, ತಲೆ ಮೇಲೆ ಏಳುವುದೇ ಇಲ್ಲ.

ಇನ್ನು ಆ ಎರಡು ದಾರಿ. ಇಂಜಿನಿಯರಿಂಗ್ ಸಿಇಟಿ ರ್‍ಯಾಂಕ್‌ಗೆ ಜೀವಶಾಸ್ತ್ರದ ಅಂಕ ಲೆಕ್ಕಕ್ಕಿಲ್ಲ. ಎಂಬಿಬಿಎಸ್‌ಗೆ ನೀಟ್‌ನಲ್ಲಿ ಗಣಿತ ಇಲ್ಲವೇ ಇಲ್ಲ. ಅಂದರೆ ಯಾವ ದಾರಿ ಹಿಡಿದರೂ ನಾಲ್ಕರಲ್ಲಿ ಒಂದು ವಿಷಯ ಆ ದಾರಿಗೆ ಬೇಡದ್ದು, ಆದರೆ ಎರಡು ವರ್ಷ ಓದಲೇಬೇಕು. ಜೊತೆಗೆ ಸಿಇಟಿಯಲ್ಲಿ ಇಂಜಿನಿಯರಿಂಗ್ ರ್‍ಯಾಂಕ್ ಕೊಡುವಾಗ ಅರ್ಧ ತೂಕ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ, ಇನ್ನರ್ಧ ಸಿಇಟಿ ಅಂಕಕ್ಕೆ. ಜೀವಶಾಸ್ತ್ರದ ಚಿತ್ರ ಬರೆಯುತ್ತಾ ಗಣಿತ ಹಿಂದೆ ಬಿದ್ದರೆ ಪೆಟ್ಟು ಎರಡು ಕಡೆ. ನೀಟ್ ಬರೆಯುವವರಿಗೆ 720 ಅಂಕದಲ್ಲಿ 360 ಜೀವಶಾಸ್ತ್ರದ್ದೇ. ಗಣಿತದ ಲೆಕ್ಕ ಮಾಡುತ್ತಾ ಅದನ್ನು ಬಿಟ್ಟುಕೊಟ್ಟರೆ ಏನು ಉಳಿಯಿತು? ಎರಡರಲ್ಲೂ ನಿಜವಾಗಿ ಆಸಕ್ತಿ ಇರುವ ಮಕ್ಕಳಿದ್ದಾರೆ. ಅವರಿಗೆ ಪಿಸಿಎಂಬಿ ಒಳ್ಳೆಯದೇ, ತಗೊಳ್ಳಲಿ. ತೀರ್ಮಾನ ಮಾಡಲು ಆಗದೆ ಇದನ್ನು ತಗೊಳ್ಳುವುದು ಮಾತ್ರ ಬೇಡ.

‘ಆಮೇಲೆ ಬೇರೆ ಕಡೆ ಹೋಗಬಹುದು’ ಅನ್ನುವುದು ನಿಜ. ಸೈನ್ಸ್ ಓದಿದವರು ಬಿಕಾಂ ಮಾಡಬಹುದು, ಬಿಎ ಮಾಡಬಹುದು. ಆದರೆ ಬೇಡದ ವಿಷಯ ಓದಿ 55 ಪರ್ಸೆಂಟ್ ತೆಗೆದುಕೊಂಡು ಬಿಕಾಂಗೆ ಹೋದ ಹುಡುಗಿಗೆ, ಕಾಮರ್ಸ್ ಓದಿ 92 ತೆಗೆದ ಹುಡುಗಿಗೆ ಸಿಕ್ಕ ಕಾಲೇಜು ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ, ತನಗೆ ಏನೂ ಬರಲ್ಲ ಅಂತ ಆ ಮಗು ನಂಬಿಬಿಟ್ಟಿರುತ್ತದೆ. ಅದನ್ನು ಸರಿಮಾಡಲು ಎರಡು ವರ್ಷ ಸಾಲುವುದಿಲ್ಲ.

ಸೈನ್ಸ್ ಬಿಟ್ಟರೆ ನಿಜವಾಗಿ ಕೈತಪ್ಪುವುದು ಯಾವುದು? ಪಿಯುಸಿ ಮುಗಿಸಿ ನೇರ ಇಂಜಿನಿಯರಿಂಗ್, ಎಂಬಿಬಿಎಸ್, ದಂತ ವೈದ್ಯಕೀಯ, ಆಯುರ್ವೇದ, ಪಶುವೈದ್ಯಕೀಯ, ಕೃಷಿ, ಬಿ.ಫಾರ್ಮ್, ಬಿಎಸ್ಸಿ ನರ್ಸಿಂಗ್, ಆರ್ಕಿಟೆಕ್ಚರ್, ಇಂಥವು. ಇವುಗಳಲ್ಲಿ ಯಾವುದಾದರೂ ಮಗುವಿಗೆ ಬೇಕಿದ್ದರೆ ಸೈನ್ಸ್ ಬಿಡಬೇಡಿ. ಬೇಡ ಅಂದರೆ ಹೆದರುವುದಕ್ಕೆ ಏನಿದೆ? ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗದವರೂ ಹೋಗಬಹುದು. ಸಿಎ ಫೌಂಡೇಶನ್, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಆಗಲು ಬರೆಯುವ ಮೊದಲ ಪರೀಕ್ಷೆ, ಯಾವ ವಿಭಾಗದವರೂ ಬರೆಯಬಹುದು. ಐಎಎಸ್, ಕೆಎಎಸ್‌ಗೆ ಯಾವುದಾದರೂ ಪದವಿ ಸಾಕು. ‘90 ಬಂದು ಆರ್ಟ್ಸಾ?’ ಅಂತ ಕೇಳುವ ನೆಂಟರಿಗೆ ಹೇಳಿ: ವಿಜಯನಗರ ಜಿಲ್ಲೆಯ ಕೊಟ್ಟೂರಿನ ಕಾಲೇಜೊಂದರ ಮಕ್ಕಳು ಕಲಾ ವಿಭಾಗದಲ್ಲಿ ರಾಜ್ಯಕ್ಕೇ ಮೊದಲು ಬಂದಿರುವುದು ಒಂದೆರಡು ಸಲ ಅಲ್ಲ. ಹಳ್ಳಿ ಮಕ್ಕಳು, ಹಗಲು ರಾತ್ರಿ ಓದಿದವರು. ಆರ್ಟ್ಸ್ ಅಂದರೆ ಕೈಲಾಗದವರ ಜಾಗ ಅನ್ನುವ ಮಾತು ಆ ಮಕ್ಕಳಿಗೆ ಮಾಡುವ ಅವಮಾನ.

ಈಗ ಮಾಡಬೇಕಾದ ಕೆಲಸ ಹೇಳುತ್ತೇನೆ. ಪಕ್ಕದ ಮನೆಯಲ್ಲೋ ಲೈಬ್ರರಿಯಲ್ಲೋ ಪ್ರಥಮ ಪಿಯುಸಿ ಪುಸ್ತಕ ತಂದುಕೊಡಿ. ಭೌತಶಾಸ್ತ್ರ, ಅಕೌಂಟೆನ್ಸಿ, ಅರ್ಥಶಾಸ್ತ್ರ, ಇತಿಹಾಸ. ಒಂದು ಭಾನುವಾರ ಒಂದು ಪುಸ್ತಕ, ಒಂದು ಗಂಟೆ. ಟೀವಿ ಆಫ್, ಮೊಬೈಲ್ ಇನ್ನೊಂದು ಕೋಣೆಯಲ್ಲಿ. ಅರ್ಥ ಆಯ್ತಾ ಅಂತ ಕೇಳಬೇಡಿ, ಎಲ್ಲ ಮಕ್ಕಳೂ ‘ಹೂಂ’ ಅನ್ನುತ್ತವೆ. ಪುಸ್ತಕದಲ್ಲಿ ಇಲ್ಲದ ಪ್ರಶ್ನೆಯನ್ನು ತಾನಾಗಿ ಕೇಳುತ್ತಾಳಾ ನೋಡಿ.

ಅಡ್ಮಿಷನ್ ಹೊತ್ತಿನಲ್ಲಿ ಒಬ್ಬ ಹುಡುಗಿ ಹೀಗೇ ನನ್ನೆದುರು ಕೂತಿದ್ದಳು. ಭೌತಶಾಸ್ತ್ರದ ಪುಸ್ತಕದಲ್ಲಿ ಎರಡು ಪುಟ ಓದಿ, ಮುಚ್ಚಿ, ‘ಆಯ್ತು ಸರ್’ ಅಂದಳು. ಅಕೌಂಟೆನ್ಸಿಯಲ್ಲಿ ಜರ್ನಲ್ ಎಂಟ್ರಿ ತೋರಿಸಿದೆ. ನಗದು ಕೊಟ್ಟು ಸರಕು ಖರೀದಿಸಿದರೆ ಖರೀದಿ ಖಾತೆಗೆ ಡೆಬಿಟ್, ನಗದು ಖಾತೆಗೆ ಕ್ರೆಡಿಟ್. ಬೆರಳಿಟ್ಟು ಎರಡು ಸಲ ಓದಿದಳು. ಆಮೇಲೆ ತಲೆ ಎತ್ತಿ ಕೇಳಿದಳು: ‘ಸಾಲಕ್ಕೆ ತಗೊಂಡ್ರೆ ನಗದು ಖಾತೆ ಬರೋದೇ ಇಲ್ವಾ ಸರ್? ಕೊಟ್ಟವರ ಹೆಸರು ಬರಬೇಕಲ್ವಾ?’ ಮುಂದಿನ ಪಾಠವನ್ನು ಅವಳೇ ಮಾಡಿಬಿಟ್ಟಿದ್ದಳು. ಅವಳ ತಾಯಿ ಪಕ್ಕದಲ್ಲೇ ಇದ್ದರು, ನಾನು ಬೇರೆ ಏನೂ ಹೇಳಬೇಕಾಗಲಿಲ್ಲ.

ನಿಮ್ಮ ಮಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು. ಗಣಿತ ಅವಳಿಗೆ ಭಾರ ಅಲ್ಲ. ಕಾಮರ್ಸ್ ಆದರೆ ಇತಿಹಾಸ ಇರುವ ಕಾಂಬಿನೇಷನ್‌ಗಿಂತ ಸಂಖ್ಯಾಶಾಸ್ತ್ರ (ಸ್ಟ್ಯಾಟಿಸ್ಟಿಕ್ಸ್) ಅಥವಾ ಬೇಸಿಕ್ ಮ್ಯಾಥ್ಸ್ ಇರುವುದನ್ನು ನೋಡಿ. ಸಿಎ ಫೌಂಡೇಶನ್‌ನಲ್ಲಿ ಗಣಿತ, ಲಾಜಿಕಲ್ ರೀಸನಿಂಗ್, ಸಂಖ್ಯಾಶಾಸ್ತ್ರ ಸೇರಿದ ಒಂದು ಪೂರ್ತಿ ಪೇಪರ್ ಇದೆ. ಆಗ ಉಪಯೋಗಕ್ಕೆ ಬರುತ್ತದೆ. ಆರ್ಟ್ಸ್ ಅಂದರೆ ಅರ್ಥಶಾಸ್ತ್ರ ಇರುವ ಕಾಂಬಿನೇಷನ್ ಆಗಲಿ. ಎರಡರಲ್ಲಿ ಯಾವುದು ಅನ್ನುವುದನ್ನು ಅವಳೇ ಹೇಳಲಿ.

ಪ್ರಶ್ನೆ: ಮಗನಿಗೆ ಬೆರಳಚ್ಚಿನ ಟೆಸ್ಟ್ ಮಾಡಿಸಿದೆವು. ಎಡ ಮಿದುಳು ಜಾಸ್ತಿ ಕೆಲಸ ಮಾಡುತ್ತೆ, ಪಿಸಿಎಂಸಿ (ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್) ಸೂಕ್ತ ಅಂತ ಬಣ್ಣದ ರಿಪೋರ್ಟ್ ಕೊಟ್ಟಿದ್ದಾರೆ. ನಂಬಬಹುದಾ? – ಒಬ್ಬ ತಾಯಿ, ಹುಬ್ಬಳ್ಳಿ

ಖಂಡಿತ ನಂಬಬೇಡಿ. ಬೆರಳಿನ ಗೆರೆಗಳು ಮಗು ಹೊಟ್ಟೆಯಲ್ಲಿ ಆರು ತಿಂಗಳು ತುಂಬುವುದರೊಳಗೆ ಮೂಡಿ ಮುಗಿದಿರುತ್ತವೆ. ಆಮೇಲೆ ಅವನು ಕಲಿತ ಲೆಕ್ಕ, ಸಿಕ್ಕ ಮೇಷ್ಟ್ರು, ಬಿಟ್ಟ ಹೋಂವರ್ಕ್ ಯಾವುದೂ ಆ ಗೆರೆಯಲ್ಲಿ ಇಲ್ಲ. ಬೆರಳಚ್ಚು ನೋಡಿ ಬುದ್ಧಿ ಅಳೆಯುವುದಕ್ಕೆ ವಿಜ್ಞಾನದ ಆಧಾರ ಇಲ್ಲ. ಎಡ ಮಿದುಳಿನವರು, ಬಲ ಮಿದುಳಿನವರು ಅಂತ ಜನರನ್ನು ಭಾಗ ಮಾಡುವುದಕ್ಕೂ ಇಲ್ಲ. ಇದು ಹೆತ್ತವರ ಆತಂಕದ ಮೇಲೆ ನಡೆಯುವ ವ್ಯಾಪಾರ. ಹುಡುಗನ ಎದುರಿಗೆ ಆ ರಿಪೋರ್ಟ್ ಓದಬೇಡಿ. ‘ನಿನಗೆ ಭಾಷೆಯ ಶಕ್ತಿ ಕಡಿಮೆ’ ಅಂತ ಅಚ್ಚಾದ ಒಂದು ಸಾಲು ಸಾಕು, ಅವನು ಕನ್ನಡ ಪುಸ್ತಕ ಮುಟ್ಟುವುದನ್ನೇ ಬಿಡುತ್ತಾನೆ. ನನ್ನ ಮುಂದೆ ಹಾಗೆ ಆಗಿದೆ. ಜಾತಕ, ನ್ಯೂಮರಾಲಜಿ ಹೆಸರಲ್ಲಿ ಭವಿಷ್ಯ ಹೇಳುವವರಿಗೂ ಇದೇ ಉತ್ತರ.

ಪ್ರಶ್ನೆ: ಕಂಪ್ಯೂಟರ್ ಇಂಜಿನಿಯರಿಂಗ್ ಮಾಡಬೇಕು ಅಂದರೆ ಪಿಸಿಎಂಸಿ ಕಡ್ಡಾಯವಾ?

ಇಲ್ಲ. ರ್‍ಯಾಂಕ್‌ಗೆ ಲೆಕ್ಕ ಹಿಡಿಯುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೇ.

ಪ್ರಶ್ನೆ: ಸ್ಕೋರ್ ಆಗುತ್ತೆ ಅಂತ ಕನ್ನಡ ಬಿಟ್ಟು ಸಂಸ್ಕೃತ ತಗೊಳ್ಳಲಾ?

ಸಿಇಟಿ, ನೀಟ್ ರ್‍ಯಾಂಕ್‌ಗೆ ಭಾಷೆಯ ಅಂಕ ಸೇರುವುದೇ ಇಲ್ಲ. ಇಷ್ಟ ಇದ್ದರೆ ತಗೋ, ಅಂಕಕ್ಕಾಗಿ ಬೇಡ.

ಪ್ರಶ್ನೆ: ಸರ್, ನಾನು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಹತ್ತರವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವನು. ವಿಜ್ಞಾನಕ್ಕೆ 94, ಗಣಿತಕ್ಕೆ 96. ಇಂಗ್ಲಿಷ್ ಬರಲ್ಲ ಅಂತ ಎಲ್ಲರೂ ಸೈನ್ಸ್ ಬೇಡ ಅನ್ನುತ್ತಿದ್ದಾರೆ. – ಒಬ್ಬ ವಿದ್ಯಾರ್ಥಿ, ಸಿಂಧನೂರು

ಯಾರ ಮಾತೂ ಕೇಳಬೇಡಪ್ಪ, ಸೈನ್ಸ್ ತಗೋ. ನಿನ್ನಂಥವರು ಹೆದರಿ ಹಿಂದೆ ಸರಿದಾಗ ನನಗೆ ಆಗುವಷ್ಟು ನೋವು ಇನ್ಯಾವುದಕ್ಕೂ ಆಗುವುದಿಲ್ಲ. ನಿನಗೆ ವಿಷಯ ಗೊತ್ತಿದೆ, ಹೆಸರು ಮಾತ್ರ ಗೊತ್ತಿಲ್ಲ. ಮೊದಲ ಮೂರು ತಿಂಗಳು ಕಷ್ಟ ಆಗುತ್ತದೆ, ಕಿರುಪರೀಕ್ಷೆಯಲ್ಲಿ ಅಂಕ ಬೀಳುತ್ತದೆ, ಗಾಬರಿ ಆಗಬೇಡ. ಇವತ್ತೇ ಒಂದು ನೋಟ್‌ಬುಕ್ ಶುರು ಮಾಡು. ಎಡಗಡೆ ವೇಗೋತ್ಕರ್ಷ, ಬಲಗಡೆ ಆಕ್ಸಲರೇಶನ್. ಎಡಗಡೆ ದ್ಯುತಿಸಂಶ್ಲೇಷಣೆ, ಬಲಗಡೆ ಫೋಟೋಸಿಂಥೆಸಿಸ್. ಹತ್ತನೇ ತರಗತಿಯ ಇಂಗ್ಲಿಷ್ ಮಾಧ್ಯಮದ ವಿಜ್ಞಾನ ಪುಸ್ತಕ ಸಿಕ್ಕರೆ ತಗೊಂಡು, ನಿನಗೆ ಗೊತ್ತಿರುವ ಪಾಠಗಳನ್ನೇ ಅದರಲ್ಲಿ ಓದು. ಕಾಲೇಜು ಶುರುವಾಗುವ ಮೊದಲೇ ಅರ್ಧ ಹೆದರಿಕೆ ಹೋಗುತ್ತದೆ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಗೊತ್ತಿರಲಿ.

ಇನ್ನೊಂದು ಮಾತು. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇಕಡಾ 15, ಕನ್ನಡ ಮಾಧ್ಯಮ ಮೀಸಲಾತಿ ಶೇಕಡಾ 5 ಇದೆ. ಒಂದರಿಂದ ಹತ್ತರವರೆಗೆ ಓದಿದ ಪ್ರಮಾಣಪತ್ರ ಬೇಕು. ಶಾಲೆ ಬಿಡುವಾಗಲೇ ಹೆಡ್‌ಮೇಷ್ಟ್ರ ಹತ್ತಿರ ಅದರ ಬಗ್ಗೆ ಕೇಳಿಟ್ಟುಕೋ. ಎರಡು ವರ್ಷ ಬಿಟ್ಟು ಓಡಾಡುವುದು ಬೇಡ.

ಪ್ರಶ್ನೆ: ಡಿಪ್ಲೊಮಾಗೆ ಸೇರಿದರೆ ಇಂಜಿನಿಯರಿಂಗ್ ಕನಸು ಮುಗೀತು ಅಲ್ವಾ?

ಮುಗಿಯುವುದಿಲ್ಲ. ಮೂರು ವರ್ಷದ ಪಾಲಿಟೆಕ್ನಿಕ್ ಮುಗಿಸಿ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಸಿಇಟಿ) ಬರೆದರೆ ನೇರ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಕೈಯಿಂದ ಕೆಲಸ ಮಾಡುವುದರಲ್ಲಿ ಖುಷಿ ಇರುವ ಹುಡುಗರಿಗೆ ನಾನೇ ಇದನ್ನು ಹೇಳುತ್ತೇನೆ.

ಪ್ರಶ್ನೆ: ‘ಇಂಟಿಗ್ರೇಟೆಡ್ ಕೋಚಿಂಗ್’ (ಪಿಯು ಪಾಠದ ಜೊತೆಗೇ ಪ್ರವೇಶ ಪರೀಕ್ಷೆಯ ತರಬೇತಿ) ಇರುವ ಕಾಲೇಜಿನವರು ಇದೇ ವಾರ ಎರಡು ವರ್ಷದ ಫೀಸ್ ಕಟ್ಟಿದರೆ ರಿಯಾಯಿತಿ ಅನ್ನುತ್ತಿದ್ದಾರೆ. – ಒಬ್ಬ ತಂದೆ, ದಾವಣಗೆರೆ

ಕಟ್ಟಬೇಡಿ. ಅವಸರ ಮಾಡುವ ಕಾಲೇಜಿನ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಹೋಗಿ ಲ್ಯಾಬ್ ತೋರಿಸಿ ಅನ್ನಿ. ವಿಜ್ಞಾನದ ವಿಷಯಗಳಲ್ಲಿ 100ಕ್ಕೆ 30 ಅಂಕ ಪ್ರಾಯೋಗಿಕದ್ದು. ಲ್ಯಾಬಿನ ಬೀಗ ತುಕ್ಕು ಹಿಡಿದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಮಗು ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ವಾಪಸ್ ಅನ್ನುವುದನ್ನು ಬರವಣಿಗೆಯಲ್ಲಿ ಕೇಳಿ. ಗೋಡೆ ಮೇಲಿನ ರ್‍ಯಾಂಕ್ ಫೋಟೋ ನೋಡಿ ಮರುಳಾಗಬೇಡಿ, ಫೋಟೋ ಇಲ್ಲದ ಉಳಿದ ಮಕ್ಕಳು ಏನಾದರು ಅಂತ ಕೇಳಿ.

ಪ್ರಶ್ನೆ: ಪಿಸಿಎಂಬಿಗೆ ಸೇರಿ ಒಂದು ತಿಂಗಳಾಯಿತು. ಏನೂ ತಲೆಗೆ ಹೋಗುತ್ತಿಲ್ಲ. ಕಾಮರ್ಸ್‌ಗೆ ಬದಲಾಯಿಸಬಹುದಾ? ಮನೆಯಲ್ಲಿ ಹೇಳಲು ಭಯ. – ಒಬ್ಬ ವಿದ್ಯಾರ್ಥಿನಿ, ಹಾಸನ

ನೋಡಮ್ಮ, ಒಂದು ತಿಂಗಳಲ್ಲಿ ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಹಾಗಾಗಿ ಒಂದು ಪ್ರಶ್ನೆ ನೀನೇ ಕೇಳಿಕೋ: ಅರ್ಥ ಆದರೆ ಓದಲು ಇಷ್ಟ ಇದೆಯಾ, ಇಲ್ಲ ಅರ್ಥ ಆದರೂ ಬೇಡವಾ? ಮೊದಲನೆಯದಾದರೆ ದಸರಾ ರಜೆಯವರೆಗೆ ತಡೆದು ನೋಡು, ಲೆಕ್ಚರರ್ ಹತ್ತಿರ ಹೋಗಿ ಗೊತ್ತಿಲ್ಲ ಅಂತ ಹೇಳು. ಎರಡನೆಯದಾದರೆ ತಡ ಮಾಡಬೇಡ. ವರ್ಷದ ಶುರುವಿನಲ್ಲಿ ಆಗುವ ಬದಲಾವಣೆ ಡಿಸೆಂಬರ್‌ನಲ್ಲಿ ಆಗುವುದಿಲ್ಲ. ನಾಳೆಯೇ ಪ್ರಿನ್ಸಿಪಾಲರನ್ನು ಕಂಡು ಕಾಮರ್ಸ್‌ನಲ್ಲಿ ಸೀಟ್ ಇದೆಯಾ, ಕೊನೆಯ ದಿನಾಂಕ ಯಾವುದು ಅಂತ ಕೇಳು. ಆ ದಿನಾಂಕ ಕೈಯಲ್ಲಿ ಇಟ್ಟುಕೊಂಡು ಅಮ್ಮನ ಹತ್ತಿರ ಮಾತಾಡು. ಒಬ್ಬಳಿಗೇ ಕಷ್ಟ ಅನ್ನಿಸಿದರೆ ನಿನಗೆ ಇಷ್ಟವಾದ ಒಬ್ಬ ಮೇಡಂ ಅವರನ್ನು ಮನೆಗೆ ಫೋನ್ ಮಾಡಲು ಕೇಳಿಕೋ.